ವಲ್ಲಿಯ ಕೆಳಗಿನ ಮಾತು

ಬೈಲಹೊಂಗಲದ ಅರಳೆಪೇಟೆಯಲ್ಲಿ ಆಗ ದರ ಹೇಳುತ್ತಿದ್ದದ್ದು ಬಾಯಲ್ಲ, ಬೆರಳು. ದಲಾಲ ತನ್ನ ಹೆಗಲ ಮೇಲಿನ ವಲ್ಲಿಯನ್ನು ಖರೀದಿದಾರನ ಕೈಮೇಲೆ ಹರವಿ, ಅದರಡಿಯಲ್ಲಿ ಬೆರಳು ಹಿಡಿದು ವ್ಯಾಪಾರ ಕುದುರಿಸುವನು. ಹತ್ತಿ ಬೆಳೆದ ರೈತ ಎದುರಿಗೇ ನಿಂತು ಬಟ್ಟೆಯ ಅಲುಗಾಟ ನೋಡುವನು.

ಈ ವಿದ್ಯೆಯಲ್ಲಿ ದಲಾಲ ಶಂಕ್ರೆಪ್ಪನನ್ನು ಮೀರಿಸಿದವರಿರಲಿಲ್ಲ. ಎಳೆತನದ ಜ್ವರದಲ್ಲಿ ಅವನ ಮಾತು ಹೋಗಿತ್ತು, ಕಿವಿ ಉಳಿದಿತ್ತು. ವಲ್ಲಿಯ ಕೆಳಗೆ ಇಡೀ ಪೇಟೆಯೇ ಮೂಕ. ಅವನೊಬ್ಬನಿಗೆ ಮೊದಲಿನಿಂದ ರೂಢಿ. ತೀರ ಕಡಿಮೆ ದರ ಹಿಡಿದವನ ಅಂಗೈಗೆ ಕಚಗುಳಿ ಇಡುವನು. ವರ್ತಕರ ಸಂಘದ ಅಧ್ಯಕ್ಷ ನಿಜಗುಣಪ್ಪ ಸಾವಕಾರರು ಹರೆಯದಲ್ಲಿ ವ್ಯಾಪಾರ ಕಲಿತದ್ದು ಅವನ ಕೈ ಹಿಡಿದೇ. ದೊಡ್ಡವರಾದ ಮೇಲೂ ಯಾವುದಕ್ಕೇ ಕೈಹಾಕಲಿ, ಮೊದಲು ವಲ್ಲಿಯ ಕೆಳಗೆ ಅವನನ್ನು ಕೇಳುತ್ತಿದ್ದರು. ಹೆಬ್ಬೆರಳು ಒತ್ತಿದರೆ ಹೂಂ ಎಂದರ್ಥ.

ಸ್ವಾತಂತ್ರ್ಯ ಬಂದು ನಾಲ್ಕೈದು ವರ್ಷವಾಗಿತ್ತು. ವರ್ತಕರ ಪರಿಷತ್ತಿಗೆಂದು ಮುಂಬಯಿಗೆ ಹೋದ ಸಾವಕಾರರು ಒಂದು ಕೋಟನ್ನೂ ಒಂದು ಆಸೆಯನ್ನೂ ತಂದರು. ಪ್ರಾಂತದ ಮಾರುಕಟ್ಟೆ ಸಮಿತಿಯಲ್ಲಿ ಒಂದು ಕುರ್ಚಿ ಖಾಲಿಯಿತ್ತು. ವಲ್ಲಿಯ ವ್ಯಾಪಾರ ನಿಲ್ಲಿಸಿ, ಕೂಗಿ ಮಾಡುವ ಬಹಿರಂಗ ಲಿಲಾವನ್ನು, ಅಂದರೆ ಹರಾಜನ್ನು, ಯಾರು ತಂದಾರೋ ಅವರಿಗೆ ಅದು ಎಂಬ ಸುದ್ದಿಯಿತ್ತು. ಸಂಘದ ಕಾರ್ಯದರ್ಶಿ ಕೃಷ್ಣಾಜಿ ಭಾಷಣ ಬರೆದುಕೊಟ್ಟರು. ಕತ್ತಲೆ, ಬೆಳಕು, ರೈತ, ರಾಷ್ಟ್ರ ಎಲ್ಲವೂ ಅದರಲ್ಲಿದ್ದವು. ತೊಡಕೆಂದರೆ, ಅದೆಲ್ಲ ನಿಜವೂ ಆಗಿತ್ತು. ವಲ್ಲಿಯ ಕೆಳಗೆ ರೈತನಿಗಾಗುವ ಮೋಸ ಊರಿಗೆಲ್ಲ ಗೊತ್ತಿತ್ತು.

ಸಂಘದ ಸಭೆಯಲ್ಲಿ ಲಿಲಾವಿನ ಠರಾವು ಮತಕ್ಕೆ ಬಂದಾಗ ಸಾವಕಾರರು ಪಕ್ಕದಲ್ಲಿದ್ದ ಶಂಕ್ರೆಪ್ಪನ ಹೆಬ್ಬೆರಳನ್ನು ಮೇಜಿನ ಕೆಳಗೆ ಒತ್ತಿದರು. ಅವನು ಎಲ್ಲರಿಗಿಂತ ಮೊದಲು ಕೈ ಎತ್ತಿದ. ಕೃಷ್ಣಾಜಿ ‘ಸರ್ವಾನುಮತ’ ಎಂದು ಬರೆದುಕೊಂಡರು.

ಮರುದಿನ ಶಂಕ್ರೆಪ್ಪನ ಹೆಂಡತಿ ತಂಗೆವ್ವ ಸಾವಕಾರರ ಅಂಗಡಿಗೆ ಬಂದಳು.

“ನೀವು ಮಾಡಿದ್ದು ಬರೋಬರಿ ಐತ್ರಿ ಸಾವಕಾರ್ರ. ರೈತಗ ಮೋಸ ಆಗಬಾರದು. ಆದ್ರ ನಮ್ಮವ್ರು ನಾಳಿಂದ ಏನಂತ ಒದರಬೇಕ್ರಿ?”

“ಅಂವನ್ನ ನಾ ಕೈ ಬಿಡತೇನೇನು ತಂಗೆವ್ವ? ಲಿಲಾವಿನ ಗಂಟಿ ಬಾರಿಸೂ ಕೆಲಸ ಅಂವಗ ಇಟ್ಟೇನಿ.”

“ಛಲೋ ಆತ್ರಿ,” ಎಂದಳು ತಂಗೆವ್ವ. “ಎತ್ತಿಗೂ ಗಂಟಿ ಕಟ್ಟತಾರ.”

ಲಿಲಾವು ಶುರುವಾದ ದಿನ ಮಂತ್ರಿಗಳು ಬಂದರು. ಶಂಕ್ರೆಪ್ಪ ಗಂಟೆ ಬಾರಿಸಿದ, ದಲಾಲರು ಗಂಟಲು ಹರಿಯುವಂತೆ ಕೂಗಿದರು. ಸಂಗೊಳ್ಳಿಯ ಗಂಗಯ್ಯ ಅಪ್ಪನ ಕಾಲದಿಂದ ಶಂಕ್ರೆಪ್ಪನ ಕೈಯಲ್ಲೇ ಹತ್ತಿ ಮಾರಿದವನು. ಬಂಡಿಯ ಹತ್ತಿರ ಬಹಳ ಹೊತ್ತು ನಿಂತ. ಕೊನೆಗೆ, “ಏನ್ ಮಾಡೂದೋ ಶಂಕ್ರಣ್ಣ, ಮಾಲ ಹೋಗಬೇಕಲ್ಲ,” ಎಂದು ಬೇರೆಯವನ ಕಡೆಗೆ ಎತ್ತು ಹೊಡೆದ. ಅವನಿಗೆ ಹಿಂದೆಂದೂ ಬರದ ದರ ಬಂತು. ಶಂಕ್ರೆಪ್ಪ ಅದನ್ನೂ ಕೇಳಿಸಿಕೊಂಡ.

ಕುರ್ಚಿ ಸಾವಕಾರರಿಗೇ ಸಿಕ್ಕಿತು. ಪೇಟೆಯಲ್ಲಿ ಹಾರ, ಶಾಲು, ಸತ್ಕಾರ ನಡೆದವು. ಅದು ಮುಗಿದ ಮೇಲೆ ಅವರು ಗಂಟೆಯ ಕಂಬದ ಹತ್ತಿರ ಬಂದರು. ಹೊದಿಸಿದ್ದ ಶಾಲನ್ನು ಬಿಚ್ಚಿ ಶಂಕ್ರೆಪ್ಪನ ಕೈಮೇಲೆ ಹರವಿ, ಅದರಡಿಯಲ್ಲಿ ಅವನ ಬೆರಳು ಹುಡುಕಿದರು. ಹೆಬ್ಬೆರಳು ಸಿಕ್ಕಿತು. ಒತ್ತಿದರು. ಮತ್ತೆ ಒತ್ತಿದರು.

“ಏನರ ಅನ್ನೋ ಶಂಕ್ರ,” ಎಂದರು ಮೆಲ್ಲಗೆ. “ಬೈಯರ ಬೈ.”

ಶಂಕ್ರೆಪ್ಪ ಕೈ ಹಿಂದೆಗೆದುಕೊಂಡ. ಶಾಲನ್ನು ಎತ್ತಿ, ಮಡಿಕೆ ಕೆಡದಂತೆ ಮಡಚಿ, ಸಾವಕಾರರ ಹೆಗಲಿಗೆ ಹಾಕಿದ. ಬೆಳಕಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ಅವರ ಕೈ ಇನ್ನೂ ಚಾಚಿಯೇ ಇತ್ತು.

ಅವನು ಹಗ್ಗ ಎಳೆದ. ಗಂಟೆ ಮೊಳಗಿತು. ಪೇಟೆ ಕೂಗತೊಡಗಿತು.