ನಾದಿನಿ ಮಾಡಿಸಿಕೊಂಡ ಆಪರೇಷನ್ ನನಗೆ ಬೇಡ

ಬಸ್ ನಿಲ್ದಾಣಕ್ಕೆ ಬರುವ ಜನರಿಗೆ ಒಂದು ಚಾಳಿಯಿದೆ. ಒಬ್ಬ ಓಡಿದರೆ ಹಿಂದೆಯೇ ಹತ್ತು ಜನ ಓಡುತ್ತಾರೆ. ಮುಂದಿನವನು ಹತ್ತಿದ ಬಸ್ಸಿಗೇ ನುಗ್ಗಿ, ಸೀಟು ಹಿಡಿದು, ಬೆವರು ಒರೆಸಿಕೊಂಡ ಮೇಲೆ, "ಅಂದಹಾಗೆ ಇದು ಎಲ್ಲಿಗೆ ಹೋಗುತ್ತೆ?" ಎಂದು ಪಕ್ಕದವರನ್ನು ಕೇಳುತ್ತಾರೆ.

ಇಂಥವರನ್ನು ಕಂಡರೆ ಮೈಕಮ್ಮನಿಗೆ ಮೈಯೆಲ್ಲ ಉರಿ. ನಿಲ್ದಾಣದ ಗಾಜಿನ ಗೂಡಿನಲ್ಲಿ ಮೈಕಿನ ಮುಂದೆ ಕೂತು ಯಾವ ಬಸ್ಸು ಯಾವ ಪ್ಲಾಟ್‌ಫಾರ್ಮಿನಿಂದ ಹೊರಡುತ್ತದೆ ಎಂದು ಕೂಗುವುದು ಅವಳ ಕೆಲಸ. ಅದಕ್ಕೇ ಆ ಹೆಸರು. ಪ್ರತಿ ಪ್ರಕಟಣೆಯ ಕೊನೆಗೆ ಅವಳು ತನ್ನದೇ ಒಂದು ಮಾತು ಸೇರಿಸುತ್ತಿದ್ದಳು: "ಪಕ್ಕದವರು ಹತ್ತಿದರು ಅಂತ ಹತ್ತಬೇಡಿ, ಬೋರ್ಡು ನೋಡಿ ಹತ್ತಿ!"

ಅವಳ ದನಿ ಗೊತ್ತಿಲ್ಲದವರು ಊರಲ್ಲಿ ಇರಲಿಲ್ಲ. ಆದರೆ ಗೂಡಿನಿಂದ ಹೊರಗೆ ಬಂದರೆ ಸಾಕು, ಜನ ಕಣ್ಣರಳಿಸುತ್ತಿದ್ದರು. "ಅಯ್ಯೋ, ಆ ದನಿ ಇವಳದಾ?" ಅಷ್ಟು ದಪ್ಪ ಇದ್ದಳು. ಕೈಯಿರುವ ಕುರ್ಚಿ ಹಿಡಿಸದೆ, ಕೈಯಿಲ್ಲದ ಕುರ್ಚಿಯನ್ನು ತಾನೇ ಕೇಳಿ ತರಿಸಿಕೊಂಡಿದ್ದಳು. ಕಿಸಕ್ಕನೆ ನಕ್ಕವರಿಗೆ, "ಅಷ್ಟು ದೊಡ್ಡ ದನಿ ಇಡೋಕೆ ಇಷ್ಟಾದ್ರೂ ಜಾಗ ಬೇಡ್ವೇನಪ್ಪಾ?" ಎನ್ನುತ್ತಿದ್ದಳು. ಆಮೇಲೆ ನಕ್ಕವರೇ ಬಂದು ಬಸ್ಸಿನ ಹೊತ್ತು ಕೇಳುತ್ತಿದ್ದರು.

ಆದರೆ ಸಕ್ಕರೆ ಕಾಯಿಲೆ ಮತ್ತು ಮಂಡಿನೋವು ತಮಾಷೆಗೆ ಬಗ್ಗುವುದಿಲ್ಲ. ಬಾಯಿ ಕಟ್ಟಿ, ನಡೆದು, ಮಾತ್ರೆ ತಿಂದು ಎಲ್ಲ ನೋಡಿದ್ದಾಯಿತು. ಇಳಿದ ತೂಕ ಬಡ್ಡಿ ಸಮೇತ ವಾಪಸು ಬರುತ್ತಿತ್ತು. ಕೊನೆಗೆ ಡಾಕ್ಟರು, ತೂಕ ಇಳಿಸುವ ಆಪರೇಷನ್ ಬಗ್ಗೆ ಯೋಚಿಸಿ ಎಂದರು. ಅಷ್ಟರಲ್ಲಿ ಇನ್ನೊಂದು ತೊಂದರೆ ವಕ್ಕರಿಸಿತ್ತು. ಬೆಳಗಿನ ಪಾಳಿಯಲ್ಲಿ ಅವಳ ದನಿ ಒಡೆಯತೊಡಗಿತ್ತು. ಗಂಟಲಲ್ಲಿ ಹುಳಿ, ಎದೆಯಲ್ಲಿ ಉರಿ. ನಿಲ್ದಾಣದ ಮೇಲಧಿಕಾರಿ ಒಂದು ದಿನ ಗೂಡಿಗೇ ಬಂದು, "ಹೀಗೇ ಆದ್ರೆ ಮೆಷೀನ್ ಕೂರಿಸ್ತೀವಮ್ಮಾ, ಅದು ಕೆಮ್ಮೋದಿಲ್ಲ" ಎಂದುಬಿಟ್ಟರು. ಮೈಕಮ್ಮನಿಗೆ ಅಳು ಬಂತು. ಮೈ ನೋಡಿ ನಕ್ಕವರನ್ನೆಲ್ಲ ಅವಳು ಗೆದ್ದಿದ್ದೇ ಆ ದನಿಯಿಂದ. ಅದೂ ಹೋದರೆ ಇನ್ನೇನು ಉಳಿಯಿತು?

ಮನೆಯಲ್ಲಿ ಮಾತ್ರ ಎಲ್ಲ ಆಗಲೇ ತೀರ್ಮಾನವಾಗಿತ್ತು. ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ನಾದಿನಿ ಹೋದ ವರ್ಷ ಇಂಥದೇ ಆಪರೇಷನ್ ಮಾಡಿಸಿಕೊಂಡು ಅರ್ಧಕ್ಕರ್ಧ ಇಳಿದಿದ್ದಳು. ಈಗ ಅವಳು ಆ ವಿಷಯದಲ್ಲಿ ಡಾಕ್ಟರಿಗಿಂತ ದೊಡ್ಡ ಡಾಕ್ಟರು.

"ಕಣ್ಣು ಮುಚ್ಕೊಂಡು ನಂದೇ ಮಾಡಿಸ್ಕೋ ಅತ್ತಿಗೆ. ಹೊಟ್ಟೇನ ಸಣ್ಣ ಕೊಳವೆ ಥರ ಮಾಡ್ತಾರೆ, ಮುಗೀತು."

"ನಂಗೆ ಎದೆಯುರಿ ಇದ್ಯಲ್ಲೇ?"

ಅತ್ತೆ ಒಳಗಿನಿಂದಲೇ ಕೂಗಿದರು. "ಎದೆಯುರಿ ಯಾರಿಗಿಲ್ಲ? ನಂಗಿಲ್ವಾ? ಅದನ್ನೆಲ್ಲ ಡಾಕ್ಟರ ಮುಂದೆ ಊದಬೇಡ. ಆಪರೇಷನ್ನೇ ಆಗಲ್ಲ ಅಂದುಬಿಟ್ಟಾರು!"

ಊರಿಗೆಲ್ಲ ಬುದ್ಧಿ ಹೇಳುವ ಮೈಕಮ್ಮ ಕುರಿಯ ಹಾಗೆ ತಲೆ ಆಡಿಸಿದಳು. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಅನ್ನುವುದು ಇದಕ್ಕೇ.

ಆಸ್ಪತ್ರೆಗೆ ಮೂವರೂ ಹೋದರು. ಡಾಕ್ಟರನ್ನು ನೋಡುವ ಮೊದಲು ಒಬ್ಬ ನರ್ಸು ಎದುರಿಗೆ ಕೂರಿಸಿಕೊಂಡು ವಿಚಾರಿಸಿದಳು. ವಯಸ್ಸಾದ ಹೆಂಗಸು, ಗಡಸು ಮಾತು, ಮೆತ್ತನೆ ಕಣ್ಣು.

"ಎದೆಯುರಿ, ಹುಳಿತೇಗು ಏನಾದ್ರೂ ಇದ್ಯಾ?"

"ಏನೂ ಇಲ್ಲ" ಎಂದರು ಅತ್ತೆ.

"ನಾನು ಕೇಳಿದ್ದು ಇವರನ್ನ."

"ಇಲ್ಲ" ಎಂದಳು ಮೈಕಮ್ಮ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇವಳ ಕೈ ತಾನಾಗಿ ಗಂಟಲಿಗೆ ಹೋಯಿತು. ನರ್ಸು ಅದನ್ನು ನೋಡಿದಳು, ನೋಡದವಳ ಹಾಗೆ ಇನ್ನೊಂದು ಪ್ರಶ್ನೆ ಕೇಳಿದಳು.

"ಮಲಗುವಾಗ ಎಷ್ಟು ದಿಂಬು ಇಟ್ಕೋತೀರಿ?"

"ಮೂರು." ಬಾಯಿ ಜಾರಿಬಿಟ್ಟಿತು.

"ಒಂದೇ ಇಟ್ಕೊಂಡ್ರೆ?"

ಅತ್ತೆ ಮೊಣಕೈಯಿಂದ ತಿವಿದರು. ಆ ತಿವಿತಕ್ಕೆ ಮೈಕಮ್ಮನ ಸಹನೆಯ ಕಟ್ಟೆ ಒಡೆಯಿತು. "ತಿವೀಬೇಡಿ ಅತ್ತೆ! ಒಂದೇ ಇಟ್ಕೊಂಡ್ರೆ ಬಾಯಿಗೆ ಹುಳಿ ನೀರು ಬರುತ್ತೆ, ಸಿಸ್ಟರ್. ಉಸಿರು ಕಟ್ಟಿದ ಹಾಗಾಗುತ್ತೆ. ಬಗ್ಗಿ ಚಪ್ಪಲಿ ಹಾಕ್ಕೊಂಡ್ರೂ ಉರಿ. ಚೀಲದ ತುಂಬಾ ಅದರದ್ದೇ ಮಾತ್ರೆ. ಬೆಳಿಗ್ಗೆ ದನಿ ಹೊರಡಲ್ಲ. ಹೇಳಿದ್ರೆ ನೀವು ಆಪರೇಷನ್ ಮಾಡಲ್ಲ ಅಂತ ಸುಮ್ನಿದ್ದೆ."

"ಯಾರಮ್ಮಾ ಹಾಗೆ ಹೇಳಿದ್ದು? ಉರಿ ಇದ್ರೆ ಆಪರೇಷನ್ ಬೇಡ ಅಂತಲ್ಲ. ಯಾವ ಆಪರೇಷನ್ ಅನ್ನೋದನ್ನ ಯೋಚಿಸಿ ಮಾಡ್ಬೇಕು ಅಂತ."

ನಾದಿನಿಗೆ ಏನು ಮಾಡಿದ್ದರು ಅಂತ ಕೇಳಿಕೊಂಡು ನರ್ಸು ಬಿಡಿಸಿ ಹೇಳಿದಳು. "ನಿಮ್ಮ ನಾದಿನಿಗೆ ಮಾಡಿದ್ದಕ್ಕೆ ಸ್ಲೀವ್ ಅಂತಾರೆ. ಹೊಟ್ಟೆಯ ಬಹುಪಾಲು ತೆಗೆದು, ಉಳಿದದ್ದನ್ನ ಕೊಳವೆ ಮಾಡ್ತಾರೆ. ಒಳ್ಳೇ ಆಪರೇಷನ್ನೇ, ತೂಕ ಇಳಿಯುತ್ತೆ. ಆದ್ರೆ ಆ ಕೊಳವೆಯೊಳಗೆ ಒತ್ತಡ ಜಾಸ್ತಿ. ಹೊಟ್ಟೆಯ ಮೇಲಿನ ಬಾಗಿಲು ಮೊದಲೇ ಸಡಿಲ ಇದ್ರೆ ಹುಳಿ ಮೇಲಕ್ಕೆ ನುಗ್ಗುತ್ತೆ. ಕೆಲವರಿಗೆ ಇದ್ದ ಉರಿ ಹೆಚ್ಚುತ್ತೆ, ಕೆಲವರಿಗೆ ಇಲ್ಲದ ಉರಿ ಹೊಸದಾಗಿ ಶುರುವಾಗುತ್ತೆ. ತೆಗೆದ ಹೊಟ್ಟೇನ ಮತ್ತೆ ಅಂಟಿಸೋಕೂ ಆಗಲ್ಲ."

"ಮತ್ತೆ ನಂಗೆ ಬೇರೆ ಯಾವುದಿದೆ, ಸಿಸ್ಟರ್?"

"ಬೈಪಾಸ್."

ಅತ್ತೆ ಎದೆ ಹಿಡಿದುಕೊಂಡರು. "ಅಯ್ಯಯ್ಯೋ! ಇವಳಿಗೆ ಹಾರ್ಟೂ ಕೆಟ್ಟಿದ್ಯಾ?"

"ಅದು ಬೇರೆ ಬೈಪಾಸ್ ಅಮ್ಮಾ! ಇದು ಹೊಟ್ಟೇದು. ಹೊಟ್ಟೆಯ ಮೇಲ್ತುದೀಲಿ ಒಂದು ಪುಟ್ಟ ಚೀಲ ಮಾಡಿ, ಅದನ್ನ ನೇರ ಸಣ್ಣ ಕರುಳಿಗೆ ಸೇರಿಸ್ತಾರೆ. ಉಳಿದ ಹೊಟ್ಟೆ ಒಳಗೇ ಇರುತ್ತೆ, ಅದರ ಹುಳಿ ಕೆಳಗಿನ ದಾರಿ ಹಿಡಿಯುತ್ತೆ. ಹಾಗಾಗಿ ಉರಿ ಜೋರಾಗಿರೋರಿಗೆ ಸಾಮಾನ್ಯವಾಗಿ ಇದನ್ನೇ ಹೇಳ್ತಾರೆ. ಬಹಳ ಜನಕ್ಕೆ ಉರಿ ಕಡಿಮೆಯಾಗುತ್ತೆ."

"ಹಾಗಾದ್ರೆ ಅದೇ ಬರ್ಕೊಳ್ಳಿ!"

"ನೋಡಿದ್ರಾ, ಮತ್ತೆ ಓಡಿ ಬಸ್ಸು ಹತ್ತೋಕೆ ಹೊರಟ್ರಿ" ಎಂದು ನರ್ಸು ನಕ್ಕಳು. ಅವಳೂ ದಿನಾ ಅದೇ ನಿಲ್ದಾಣದಲ್ಲಿ ಇಳಿದು ಮೈಕಮ್ಮನ ಕೂಗು ಕೇಳುವವಳು. "ಬೈಪಾಸು ಸ್ವಲ್ಪ ತೊಡಕಿನ ಆಪರೇಷನ್. ಆಮೇಲೆ ಜೀವನಪೂರ್ತಿ ವಿಟಮಿನ್, ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆ ತಗೋಬೇಕು, ಆಗಾಗ ರಕ್ತ ಪರೀಕ್ಷೆ ಮಾಡಿಸ್ಬೇಕು. ಸಿಹಿ ಜಾಸ್ತಿ ತಿಂದ್ರೆ ತಲೆ ಸುತ್ತಬಹುದು. ತಂಬಾಕು ಮುಟ್ಟಬಾರದು. ಡಾಕ್ಟರನ್ನ ಕೇಳದೆ ನೋವಿನ ಮಾತ್ರೆ ನುಂಗಬಾರದು, ಹುಣ್ಣಾಗುತ್ತೆ. ಮೊದಲು ಬಾಯಿಂದ ಸಣ್ಣ ಕ್ಯಾಮೆರಾ ಇಳಿಸಿ ಒಳಗೆ ಏನಿದೆ ಅಂತ ನೋಡೋಣ. ಆಮೇಲೆ ಸರ್ಜನ್ ಹತ್ರ ಕೂತು ತೀರ್ಮಾನ ಮಾಡಿ."

ಕ್ಯಾಮೆರಾ ಇಳಿಸಿ ನೋಡಿದರೆ ಅನ್ನನಾಳದ ತಳದಲ್ಲಿ ಹುಣ್ಣು. ಹೊಟ್ಟೆಯ ಮೇಲ್ತುದಿ ಎದೆಯ ಕಡೆಗೆ ಜಾರಿತ್ತು. ದನಿ ಒಡೆಯುವುದಕ್ಕೂ ಈ ಹುಳಿಯೇ ಕಾರಣ ಇರಬಹುದು ಎಂದರು ಸರ್ಜನ್. "ನೀವು ಸ್ಲೀವ್ ಮಾಡಿಸಿಕೊಳ್ಳಿ ಅಂತ ನಾನು ಹೇಳಲ್ಲ. ಬೈಪಾಸ್ ಹೆಚ್ಚು ಹೊಂದುತ್ತೆ. ಮನೇಲಿ ಯೋಚಿಸಿ ಹೇಳಿ."

ಮನೆಯಲ್ಲಿ ಯೋಚನೆ ಎಲ್ಲಿಂದ ಬರಬೇಕು? ರಣರಂಗವೇ ಆಯಿತು.

"ನನ್ನ ಆಪರೇಷನ್ ನಿಂಗೆ ಸಾಲದೇ ಹೋಯ್ತಾ?" ನಾದಿನಿಯ ಮುಖ ದಪ್ಪಗಾಯಿತು.

"ಊರಿಗೆಲ್ಲ ಒಂದು ದಾರಿ ಆದ್ರೆ ಇವಳಿಗೇ ಒಂದು ದಾರಿ" ಎಂದರು ಅತ್ತೆ. "ಜೀವಮಾನವಿಡೀ ಮಾತ್ರೆ ನುಂಗೋ ಕರ್ಮ ಯಾಕೆ? ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಅಂತ ದೊಡ್ಡೋರು ಸುಮ್ನೆ ಹೇಳಿದ್ರಾ?"

ಮೈಕಮ್ಮ ಎದ್ದು ನಿಂತಳು. ಅಡುಗೆಮನೆ ಚಿಕ್ಕದು, ಅವಳು ನಿಂತರೆ ತುಂಬಿಹೋಗುತ್ತದೆ. ಅವತ್ತು ಅವಳು ಒಂದಿಷ್ಟೂ ಮುದುಡಿಕೊಳ್ಳಲಿಲ್ಲ.

"ಊಟ ನನ್ನಿಚ್ಛೆ, ನೋಟ ಪರರಿಚ್ಛೆ ಸರಿ. ಆಪರೇಷನ್ ಯಾರಿಚ್ಛೆ ಅಂತ ನಿಮ್ಮ ದೊಡ್ಡೋರು ಹೇಳಿಲ್ಲ, ನಾನು ಹೇಳ್ತೀನಿ ಕೇಳಿ. ಇಷ್ಟು ವರ್ಷ ಈ ಮೈ ಬಗ್ಗೆ ಎಲ್ಲರೂ ಮಾತಾಡಿದ್ರಿ. ತಿನ್ನಬೇಡ ಅಂದ್ರಿ, ಸೋಮಾರಿ ಅಂದ್ರಿ. ಈಗ ಇದನ್ನ ಯಾವ ಆಕಾರಕ್ಕೆ ಕತ್ತರಿಸ್ಬೇಕು ಅಂತಾನೂ ನೀವೇ ಹೇಳ್ತೀರಾ? ಹುಣ್ಣಾಗಿರೋದು ನನ್ನೊಳಗೆ. ಮೂರು ದಿಂಬಿಗೆ ಒರಗಿ ಮಲಗೋಳು ನಾನು. ನನ್ನ ದನಿ ಹೋದ್ರೆ ಯಾರು ತಂದುಕೊಡ್ತೀರಿ? ನಾದಿನಿ ಮಾಡಿಸಿಕೊಂಡ ಆಪರೇಷನ್ ನನಗೆ ಬೇಡ. ನನಗೆ ಹೊಂದೋದೇ ಬೇಕು. ಮಾತ್ರೆ ನುಂಗಬೇಕಾ? ನುಂಗ್ತೀನಿ!"

ನಾದಿನಿ ತಲೆ ತಗ್ಗಿಸಿದಳು. "ಅತ್ತಿಗೆ... ಉರಿಗೆ ಅಂತ ಮಾತ್ರೆ ಇಟ್ಟಿದ್ಯಲ್ಲ ಚೀಲದಲ್ಲಿ, ನಂಗೊಂದು ಕೊಡ್ತೀಯಾ?"

"ನಿಂಗ್ಯಾಕೆ?"

"ಆಪರೇಷನ್ ಆದಾಗಿಂದ ನಂಗೂ ಉರಿ. ಮೊದಲು ಇರಲಿಲ್ಲ. ಎಲ್ಲರೂ ಚೆನ್ನಾಗಿ ಇಳಿದಿದೀಯಾ ಅಂತ ಹೊಗಳೋವಾಗ ಇದನ್ನ ಹೇಗೆ ಹೇಳ್ಲಿ?" ಅವಳ ಕಣ್ಣು ತುಂಬಿತು.

ಮೈಕಮ್ಮನ ಸಿಟ್ಟೆಲ್ಲ ಇಳಿದುಹೋಯಿತು. "ಥೂ ಹುಚ್ಚಿ! ಮುಚ್ಚಿಟ್ಟು ಇಬ್ರೂ ಸಾಯೋಣ ಅಂತ ಇದ್ವಾ?" ಎಂದು ಅವಳನ್ನು ತಬ್ಬಿಕೊಂಡಳು. ಮಾತ್ರೆ ಮಾತ್ರ ಕೊಡಲಿಲ್ಲ. ಮರುದಿನ ಅದೇ ನರ್ಸಿನ ಮುಂದೆ ಕರೆದುಕೊಂಡು ಹೋಗಿ ಕೂರಿಸಿದಳು. ಔಷಧಿ ಇದೆ, ಸಾಲದಿದ್ದರೆ ಬೇರೆ ದಾರಿಯೂ ಇದೆ, ಹೆದರಬೇಡಿ ಎಂದಳು ನರ್ಸು. ಅತ್ತೆ ಈ ಸಲ ಯಾರನ್ನೂ ತಿವಿಯಲಿಲ್ಲ. ಮೆಲ್ಲಗೆ ಕುರ್ಚಿ ಮುಂದೆ ಎಳೆದುಕೊಂಡು, "ನಂಗೂ ಸ್ವಲ್ಪ ಉರಿ ಇದೆ ಸಿಸ್ಟರ್, ನನ್ನನ್ನೂ ನೋಡ್ತೀರಾ?" ಎಂದರು.

ಮೈಕಮ್ಮನಿಗೆ ಬೈಪಾಸ್ ಆಯಿತು. ನೀರನ್ನೂ ಚಮಚದಲ್ಲಿ ಕುಡಿದ ಮೊದಲ ದಿನಗಳು ಸುಲಭದ್ದೇನಲ್ಲ, ಅತ್ತದ್ದೂ ಉಂಟು. ಈಗ ತೂಕ ನಿಧಾನಕ್ಕೆ ಇಳಿಯುತ್ತಿದೆ. ವಿಟಮಿನ್ ಮಾತ್ರೆ ಮೈಕಿನ ಪಕ್ಕದಲ್ಲೇ ಇರುತ್ತದೆ. ಎರಡು ದಿಂಬು ಅತ್ತೆಯ ಕೋಣೆಗೆ ಹೋಗಿವೆ. ಮೇಲಧಿಕಾರಿ ಮೆಷೀನಿನ ಮಾತು ಎತ್ತುತ್ತಿಲ್ಲ. ನಿಲ್ದಾಣದಲ್ಲಿ ಈಗಲೂ ಯಾರಾದರೂ, "ಆ ದನಿ ಇವಳದಾ?" ಎನ್ನುತ್ತಾರೆ. "ಹೌದು, ನಂದೇ" ಎನ್ನುತ್ತಾಳೆ.

ನೀವು ಆ ಕಡೆ ಹೋದರೆ ಒಂದು ನಿಮಿಷ ನಿಂತು ಕೇಳಿ. ಬಸ್ಸುಗಳ ನಡುವೆ ಬಿಡುವು ಸಿಕ್ಕಾಗ ಅವಳು ಇದನ್ನೂ ಕೂಗುತ್ತಾಳೆ:

"ಪ್ರಯಾಣಿಕರೇ, ಗಮನವಿಟ್ಟು ಕೇಳಿ. ತೂಕ ಇಳಿಸುವ ಆಪರೇಷನ್ ಮಾಡಿಸಿಕೊಳ್ಳಬೇಕು ಅಂತಿದ್ದೀರಾ? ಎದೆಯುರಿ ಇದ್ದರೆ ಬಾಯಿಬಿಟ್ಟು ಹೇಳಿ. ಎಷ್ಟು ದಿಂಬು ಇಟ್ಟುಕೊಂಡು ಮಲಗುತ್ತೀರಿ, ಯಾವ ಮಾತ್ರೆ ನುಂಗುತ್ತೀರಿ, ಎಲ್ಲ ಹೇಳಿ. ಒಳಗೆ ಪರೀಕ್ಷೆ ಮಾಡಿ ನೋಡಿ ಅಂತ ಕೇಳಿ. ನನ್ನ ಉರಿಗೆ ಯಾವ ಆಪರೇಷನ್ ಹೊಂದುತ್ತೆ, ಆಮೇಲೆ ನಾನೇನು ಪಾಲಿಸಬೇಕು ಅಂತ ಸರ್ಜನ್ ಅವರನ್ನು ಕೇಳಿ. ಅರ್ಥವಾಗದಿದ್ದರೆ ಇನ್ನೊಂದು ಸಲ ಕೇಳಿ, ನಾಚಿಕೆ ಬೇಡ. ಯಾರಾದರೂ ತಿವಿದರೆ ಇನ್ನೂ ಜೋರಾಗಿ ಕೇಳಿ! ಪಕ್ಕದವರು ಹತ್ತಿದರು ಅಂತ ಹತ್ತಬೇಡಿ. ಬೋರ್ಡು ನೋಡಿ ಹತ್ತಿ. ಹೋಗಬೇಕಾದ ಊರು ನಿಮ್ಮದು."