ಗುಳಿಗಿ ತೊಗೊಂಡ್ನೋ ಇಲ್ಲೋ?

ಉಗಾರ ಖುರ್ದದ ಜಿನಮತಿಗೆ ಸಂಜೆ ಕೆಲಸಗಳೆಲ್ಲ ಒಟ್ಟಿಗೇ ಮೈಮೇಲೆ ಬರುತ್ತವೆ. ಹೊತ್ತು ಮುಳುಗಿದ ಮೇಲೆ ಆ ಜೈನ ಮನೆಯಲ್ಲಿ ಊಟವಿಲ್ಲ. ಅವಳು ನೀರನ್ನೂ ಮುಟ್ಟುವುದಿಲ್ಲ. ರೊಟ್ಟಿ ಬಡಿದು, ಬಡಿಸಿ, ಬಿ.ಪಿ. ಗುಳಿಗೆಯನ್ನೂ ಅಷ್ಟರೊಳಗೇ ನುಂಗಬೇಕು.

ಮೊನ್ನೆ ಗುಳಿಗೆ ಬಾಯಿಗೆ ಹಾಕುವಾಗಲೇ ಗಂಡ ಶ್ರೀಪಾಲ ಕೂಗಿದ: "ಮೋಟರ್ ಬಂದ್ ಮಾಡು, ನೀರ ಹರದ ಹೊಂಟೈತಿ!" ಓಡಿ ಹೋಗಿ ಬಂದರೆ, ನುಂಗಿದೆನೋ ಇಲ್ಲವೋ ನೆನಪಿಲ್ಲ. ಸೂರ್ಯ ಇಳಿಯುತ್ತಿದ್ದ. ಇನ್ನೊಂದು ನುಂಗಿದಳು. ಆಮೇಲೆ ತಲೆ ಸುತ್ತಿ ಹೊಸ್ತಿಲಲ್ಲಿ ಕುಸಿದಳು. ದವಾಖಾನೆಗೆ ಒಯ್ಯಬೇಕಾಯಿತು.

ಮರುದಿನ ಆರೋಗ್ಯ ಕೇಂದ್ರದ ಕಾರ್ಯಕರ್ತೆ ರೂಪಾಲಿ ನೋಡಲು ಬಂದಳು.

"ನಮ್ಮ ಅತ್ತಿಯವರಿಗೆ ಕಡೀಕ ನನ್ನ ಗುರ್ತನೂ ಹತ್ತಲಿಲ್ಲ," ಎಂದಳು ಜಿನಮತಿ. "ನನಗೂ ಅದ ಮರವಿನ ರೋಗ ಬಂತೇನು?"

ಶ್ರೀಪಾಲ ನಕ್ಕ. "ರೋಗ ಅಲ್ಲ, ಲಕ್ಷ್ಯ ಇಲ್ಲ. ನನಗ ಒಮ್ಮೆನೂ ಹಿಂಗ ಆಗಿಲ್ಲ."

"ಹಂಗಾರ ಕಾಕಾ, ಡಾಕ್ಟರ್ ನಂಬರ್ ಹೇಳ್ತೀನಿ, ನೆನಪಿಟ್ಟು ಒತ್ರಿ."

ಅವಳು ಹೇಳಿದ ನಂಬರನ್ನು ಅವನು ಬಾಯಲ್ಲೇ ಅನ್ನುತ್ತ ಫೋನಿನಲ್ಲಿ ಒತ್ತತೊಡಗಿದ. ರೂಪಾಲಿ ಮೆಲ್ಲಗೆ ಕೇಳಿದಳು: "ಕಬ್ಬು ಕಡಿಯೋ ಟೋಳಿ ಯಾವಾಗ ಬರ್ತೈತ್ರಿ?"

"ನಾಳೆ ಮುಂಜಾನೆ... ಏ! ಮುಂದಿನ ಅಂಕಿ ಯಾವ್ದು?"

"ಲಕ್ಷ್ಯ ಎಲ್ಲಿ ಹೋತ್ರಿ?" ಎಂದಳು ಜಿನಮತಿ.

ಶ್ರೀಪಾಲನಿಗೆ ಸಿಟ್ಟು ಬರಲಿಲ್ಲ, ಕುತೂಹಲ ಬಂತು. "ಹಿಂಗ್ಯಾಕ ಆತು?"

"ಈಗ ಮಾಡೋ ಕೆಲಸಾನ ಹಣಿ ಹಿಂದಿನ ಮಿದುಳು ತುಸು ಹೊತ್ತು ಹಿಡಕೊಂಡಿರ್ತೈತ್ರಿ. ಅದು ಬೊಗಸಿ ಇದ್ದಂಗ, ಹಿಡಿಯೋದು ಸ್ವಲ್ಪ. ನಡುವ ಬ್ಯಾರೇದು ಸುರದ್ರ ಮೊದಲಿಂದು ಚೆಲ್ತೈತಿ. ಗುಳಿಗಿ ನುಂಗಿದ್ದು ನೆನಪಿನ್ಯಾಗ ಗಟ್ಟಿ ಕುಂದ್ರೂಕ್ಕಿಂತ ಮೊದಲ ನೀವು ಕೂಗಿದ್ರಿ."

"ಮತ್ತ ನಮ್ಮ ಅತ್ತಿಯವರು?"

"ಅವರದು ಬ್ಯಾರೇ, ಕಾಕೂ. ಗುರ್ತಿನ ಮಂದಿ, ಮನಿ ದಾರಿ ಮರತ್ರ, ಮರವು ಹೆಚ್ಚಾಗ್ತಾ ಹೋದ್ರ ಡಾಕ್ಟರಿಗೆ ತೋರಸಬೇಕು. ನಿಮಗ ಹಂಗ ಕಾಣೂದಿಲ್ಲ. ಆದ್ರೂ ಕೇಳಿ ಬರೂಣು."

ಅಂದೇ ಡಾಕ್ಟರು ಪರೀಕ್ಷಿಸಿ, ಹೆದರುವಂಥದ್ದೇನಿಲ್ಲ ಎಂದರು. ಗುಳಿಗೆಯ ಹೊತ್ತನ್ನು ಬೆಳಗಿನ ನಾಷ್ಟಾಕ್ಕೆ ಬದಲಿಸಿದರು. ರೂಪಾಲಿ ವಾರದ ಒಂದೊಂದು ದಿನಕ್ಕೂ ಒಂದೊಂದು ಖಾನೆ ಇರುವ ಡಬ್ಬಿ ಕೊಟ್ಟಳು. "ಇವತ್ತಿನ ಖಾನೆ ಖಾಲಿ ಇದ್ರ ತೊಗೊಂಡೀರಿ ಅಂತ ಅರ್ಥ. ನೆನಪಿನ ಮ್ಯಾಲೆ ಭಾರ ಹಾಕಬ್ಯಾಡ್ರಿ."

ಮರುದಿನ ಬೆಳಿಗ್ಗೆ ಜಿನಮತಿ ಡಬ್ಬಿ ತೆರೆಯುವಾಗಲೇ ಕಬ್ಬು ಕಡಿಯುವ ಟೋಳಿಯವನೊಬ್ಬ ಅಂಗಳದಿಂದ ಮರಾಠಿಯಲ್ಲಿ ನೀರು ಕೇಳಿ ಕೂಗಿದ: "ವೈನೀ, ಪಾಣಿ!"

ಶ್ರೀಪಾಲ ತಾನೇ ತಂಬಿಗೆ ಹಿಡಿದು ಎದ್ದ. "ತಡಿಯೋ ಮಾರಾಯಾ, ಅಕಿ ಗುಳಿಗಿ ತೊಗೊಳಾಕತ್ತಾಳ."

ನಿಮ್ಮ ಮನೆಯಲ್ಲೂ ಯಾರಾದರೂ ಗುಳಿಗೆ ಹಿಡಿದು ನಿಂತಿದ್ದರೆ ಕೂಗಬೇಡಿ. ತೆಗೆದುಕೊಂಡೆನೋ ಇಲ್ಲವೋ ಎಂದು ಅನುಮಾನ ಬಂದರೆ ಇನ್ನೊಂದು ನುಂಗಬೇಡಿ. ಆರೋಗ್ಯ ಕೇಂದ್ರದಲ್ಲಿ ಕೇಳಿ. ಮರೆತವರನ್ನು ಬೈಯುವ ಮೊದಲು, ಅವರಿಗೆ ಎಷ್ಟು ಕೆಲಸ ಒಟ್ಟಿಗೆ ಹೇಳಿದ್ದಿರಿ, ಯೋಚಿಸಿ.