ಕದಿರಯ್ಯ ಸಮುದ್ರ ನೋಡಲು ಹೋದದ್ದು

“ಲೇಯ್ ಮುದುಕ, ಕಿವಿ ಏನು ಬಾಡಿಗೆಗೆ ಕೊಟ್ಟಿದ್ಯಾ? ಟವೆಲ್ ತಗೊಂಡ್ ಬಾ ಅಂತ ಎಷ್ಟು ಸಲ ಬಡ್ಕೋಬೇಕು!”

ಈಜುಕೊಳದ ಅಂಚಿಗೆ ಎಮ್ಮೆಯ ಹಾಗೆ ಗದ್ದ ಊರಿಕೊಂಡಿದ್ದ ಕಪ್ಪು ಕನ್ನಡಕದ ಮನುಷ್ಯ ಹೀಗೆ ಗದರಿದ್ದೇ ತಡ, ಕದಿರಯ್ಯ ಓಡಿದ. ಅಂತಿಂಥ ಓಟವಲ್ಲ, ಹುಲಿಕುಂಟೆ ಸೀಮೆಯಲ್ಲಿ ತೋಳ ಅಟ್ಟಿಸಿಕೊಂಡು ಬಂದ ಕುರಿಯೂ ಹಾಗೆ ಓಡಿದ್ದನ್ನು ಕಂಡವರಿಲ್ಲ. ಮಡಚಿಟ್ಟಿದ್ದ ಟವೆಲ್ಲನ್ನು ಎರಡೂ ಕೈಯಲ್ಲಿ ಹಿಡಿದು, ತನ್ನ ಉಸಿರು ಆ ಬಟ್ಟೆಗೆ ತಾಗದ ಹಾಗೆ ಮುಖ ಪಕ್ಕಕ್ಕೆ ತಿರುಗಿಸಿ, ಬಗ್ಗಿ ನೀಡಿದ.

“ಏನ್ ನಿಂತಿದ್ಯಾ ಮುಖ ನೋಡ್ಕೊಂಡು? ಹೋಗು, ಇನ್ನೊಂದು ಜ್ಯೂಸ್.”

“ಆಯ್ತು ಬುದ್ದಿ.”

ತೆಂಗಿನ ನೆರಳಿನಲ್ಲಿ, ಮೈಚಾಚುವ ಕುರ್ಚಿಯ ತುದಿಯಲ್ಲಿ, ಕಂಡಕ್ಟರ್ ಈಗ ಎಬ್ಬಿಸುತ್ತಾನೋ ಆಗ ಎಬ್ಬಿಸುತ್ತಾನೋ ಎಂಬಂತೆ ಕೂತಿದ್ದ ಗಂಗರತ್ನಮ್ಮ ಗಂಡನನ್ನು ನೋಡುತ್ತಿದ್ದಳು. ನಿನ್ನೆ ಮಧ್ಯಾಹ್ನ ಬಂದಾಗಿನಿಂದ ನೋಡುತ್ತಲೇ ಇದ್ದಳು. ಅಷ್ಟರಲ್ಲಿ ಕದಿರಯ್ಯ ಹೊತ್ತ ಟವೆಲ್ಲುಗಳನ್ನು ಒಂದಕ್ಕೊಂದು ಗಂಟು ಹಾಕಿದ್ದರೆ ಸಿರಾ ಕೋಟೆಗೆ ಮೂರು ಸುತ್ತು ಬಂದು, ಮಿಕ್ಕಿದ್ದರಲ್ಲಿ ಮಧುಗಿರಿ ಬೆಟ್ಟದ ನೆತ್ತಿಗೊಂದು ಪೇಟ ಸುತ್ತಬಹುದಿತ್ತು.

ವಿಷಯವೇನೆಂದರೆ, ಕದಿರಯ್ಯ ಆ ರೆಸಾರ್ಟಿನ ಆಳಲ್ಲ. ಅತಿಥಿ. ಅತಿಥಿಯೆಂದರೆ ರತ್ನಗಂಬಳಿಯ ಅತಿಥಿ. ಬಂದಿಳಿದ ಕೂಡಲೇ ಬಾಗಿಲಲ್ಲಿದ್ದ ಹುಡುಗಿ ಇಬ್ಬರ ಮಣಿಕಟ್ಟಿಗೂ ಚಿನ್ನದ ಬಣ್ಣದ ಪಟ್ಟಿ ಕಟ್ಟಿ, “ಇದು ಕೈಯಲ್ಲಿದ್ರೆ ಆಯ್ತು. ಊಟ, ತಿಂಡಿ, ಕುಡಿಯುವುದು, ದೋಣಿ, ಎಲ್ಲ ಇದ್ರಲ್ಲೇ ಬಂತು. ಯಾರನ್ನೂ ಏನೂ ಕೇಳ್ಲಿಕ್ಕಿಲ್ಲ” ಎಂದಿದ್ದಳು. ಬೆಲೆಬಾಳುವ ವಸ್ತು, ಕೊಳೆಯಾದೀತೆಂದು ಕದಿರಯ್ಯ ಅದನ್ನು ಮೊಳಕೈವರೆಗೆ ಏರಿಸಿ, ಮೇಲೆ ಅಂಗಿಯ ತೋಳು ಎಳೆದುಕೊಂಡುಬಿಟ್ಟ. ಆಮೇಲೆ ಉಂಡ ತಟ್ಟೆಯನ್ನು ತಾನೇ ತೊಳೆದು, ಹೊರಗೆ ಗಿಡದ ಬುಡದಲ್ಲಿ ಬೋರಲು ಹಾಕಿ ಬಂದ. ಇಪ್ಪತ್ತೆರಡು ವರ್ಷದ ಅಭ್ಯಾಸ. ಧಣಿ ಪ್ರಭುದೇವ್ ಅವರ ಮನೆಯಲ್ಲಿ ಅವನ ತಟ್ಟೆ, ಅವನ ಲೋಟ ಕೊಟ್ಟಿಗೆಯ ಗೂಡಿನಲ್ಲಿ ಬೇರೆಯೇ ಇರುತ್ತವೆ. ಬಿಳಿ ಅಂಗಿ, ಬಗ್ಗಿದ ಬೆನ್ನು, ಕೈಯಲ್ಲಿ ತೊಳೆದ ತಟ್ಟೆ. ಕಂಡವರೆಲ್ಲ ಕರೆದರು. ಕರೆದಲ್ಲಿಗೆಲ್ಲ ಇವನು ಹೋದ.

“ಏನಯ್ಯಾ, ನೀನೇನು ಇಲ್ಲೂ ಜೀತಕ್ ಬಂದಿದ್ದೀಯಾ?” ಎಂದಳು ಗಂಗರತ್ನಮ್ಮ, ಜ್ಯೂಸು ಕೊಟ್ಟು ಬಂದವನಿಗೆ.

“ಸುಮ್ಕಿರೇ ಗಂಗಿ. ಬಿಟ್ಟಿ ಕೂಳು ಎದೇಗ್ ಕಚ್ಕಂತದೆ. ಒಂದೆರಡು ಕೆಲ್ಸ ಮಾಡಿದ್ರೆ ಇಳೀತದೆ.”

“ಸಮುದ್ರ ನೋಡಾಕ್ ಬಂದು ಸಮುದ್ರದ್ ಕಡೆ ತಿರುಗ್ಲೇ ಇಲ್ವಲ್ಲೋ, ಮುಂಡೇಗಂಡ.”

“ಅದೇನು ಓಡೋಯ್ತದಾ? ಇರ್ತದೆ ಬುಡು.”

ಸಮುದ್ರ ಇತ್ತು. ನಾಲ್ಕು ತಾಲೂಕಿನ ಕೆರೆಗಳೆಲ್ಲ ಒಂದೇ ದಿನ ಕೋಡಿ ಬಿದ್ದು ಬಂದು ನಿಂತರೆ ಎಷ್ಟೋ ಅಷ್ಟು. ಗಂಗರತ್ನಮ್ಮ ಅದನ್ನು ನೋಡಿದಳು. ಏನೂ ಅನ್ನಿಸಲಿಲ್ಲ. ಒಂದು ಕೊಡ ತುಂಬಿಕೊಳ್ಳೋಣವೆಂದರೆ ಉಪ್ಪು ನೀರು.

ಅವಳ ಮನಸ್ಸೆಲ್ಲ ಹುಲಿಕುಂಟೆಯ ಆಚೆ, ಕಲ್ಲುಗುಡ್ಡದ ಬುಡದಲ್ಲಿತ್ತು. ಅಲ್ಲಿ ಸರ್ಕಾರಿ ಜಾಗದಲ್ಲಿ ಅವಳೇ ಮಣ್ಣು ತುಳಿದು, ಗೋಡೆ ಎತ್ತಿ, ಹೆಂಚು ಹೊದಿಸಿದ ಮನೆಯಿತ್ತು. ಪ್ರಭುದೇವ್ ಅವರ ಜಲ್ಲಿ ಕ್ರಷರ್ ಆ ಗುಡ್ಡವನ್ನು ಹುರಿಗಾಳಿನಂತೆ ಅಗಿಯುತ್ತಾ ಬಂದು ಅವಳ ಹಿತ್ತಿಲಿಗೆ ಮೂತಿಯಿಟ್ಟು ನಿಂತಿತ್ತು. ಮನೆ ಒಂದು ಇಲ್ಲದಿದ್ದರೆ ಉಳಿದ ಗುಡ್ಡವೂ ಅದರ ಬಾಯಿಗೆ. ಹಕ್ಕುಪತ್ರಕ್ಕೆ ಅರ್ಜಿ ಹಾಕಿ ನಾಲ್ಕು ವರ್ಷವಾಗಿತ್ತು. ಕಂದಾಯದವರು ಬಂದು ಕಣ್ಣಲ್ಲಿ ನೋಡಿ, ‘ಹೌದು, ಇಲ್ಲಿ ಇವರು ವಾಸವಿದ್ದಾರೆ’ ಎಂದು ಬರೆದುಕೊಂಡರೆ ಮನೆ ಇವರದು. ಅವರು ಬಂದಾಗ ಮನೆಯಲ್ಲಿ ಇರಬೇಕೆಂದು ಗಂಗರತ್ನಮ್ಮ ಊರು ಬಿಟ್ಟು ಕದಲಿರಲಿಲ್ಲ. ಹೊಸಕೋಟೆಯ ತವರಲ್ಲಿ ತಾಯಿ ಸತ್ತಾಗಲೂ ಒಂದು ಹಿಡಿ ಮಣ್ಣು ಹಾಕಿ ಅದೇ ಬಸ್ಸಿಗೆ ವಾಪಸು ಬಂದಿದ್ದಳು.

ಅಂಥವಳನ್ನು ಹೊರಡಿಸಿದ್ದು ಪ್ರಭುದೇವ್. ಒಂದು ಬೆಳಿಗ್ಗೆ ಕಾರನ್ನು ಮನೆ ಬಾಗಿಲಿಗೇ ತಂದು ನಿಲ್ಲಿಸಿದ್ದರು.

“ಕದಿರ, ಇಪ್ಪತ್ತೆರಡು ವರ್ಷ ಗೇದಿದ್ದೀಯ ಕಣೋ. ಹೆಂಡ್ರನ್ ಕರ್ಕಂಡು ಸಮುದ್ರ ನೋಡ್ಕಂಡ್ ಬಾ. ನಮ್ ಭಾಮೈದಂದೂ ನಂದೂ ಪಾಲಲ್ಲಿ ರೆಸಾರ್ಟ್ ಐತೆ. ಎರಡು ರಾತ್ರಿ ರಾಜನಂಗಿರು.”

ಕದಿರಯ್ಯ ಅಳುತ್ತಾ ಕಾಲಿಗೆ ಬಿದ್ದ. ಆ ಕಣ್ಣೀರು ಸಿರಾ ಕೆರೆಗೆ ಹರಿದಿದ್ದರೆ ಆ ವರ್ಷ ಎರಡು ಬೆಳೆಗೆ ನೀರಾಗುತ್ತಿತ್ತು.

“ಆಫೀಸಿನೋರು ಬಂದ್ರೆ ಬುದ್ದಿ?” ಎಂದಿದ್ದಳು ಗಂಗರತ್ನಮ್ಮ.

“ಮುಂದಿನ ತಿಂಗಳು ಬರೋದು. ನಾನೇ ಕೇಳಿದೀನಿ. ನನ್ ಮಾತು ನಂಬಲ್ವೇನಮ್ಮ?” ಎಂದವರು ಕಾರಿನಿಂದ ಒಂದು ಹೊಸ ಹಿತ್ತಾಳೆ ಬೀಗ ತೆಗೆದು ಕದಿರಯ್ಯನ ಅಂಗೈಗೆ ಮೇಲಿಂದ ಬೀಳಿಸಿದರು. “ಭದ್ರವಾಗಿ ಹಾಕ್ಕೊಂಡು ಹೋಗು. ಮುಳ್ಳು ಇಟ್ಟು ಹೋಗೋಕೆ ನೀನೇನು ಕುರಿ ಮೇಯ್ಸಕ್ಕೆ ಹೋಗ್ತಿದ್ಯಾ?”

ಬೀಗ ಆ ಬಾಗಿಲಿಗಿಂತ ಭಾರವಾಗಿತ್ತು. ಗುಡ್ಡದ ಬುಡದ ಮನೆಗಳಿಗೆ ಬೀಗ ಹಾಕುವ ರೂಢಿಯಿಲ್ಲ. ಹೊಲಕ್ಕೆ ಹೋಗಲಿ, ನೆಂಟರ ಮನೆಗೆ ಹೋಗಲಿ, ಬಾಗಿಲಿಗೆ ಒಂದು ಜಾಲಿ ಮುಳ್ಳಿನ ಕೊಂಬೆ ಅಡ್ಡ ಇಡುತ್ತಾರೆ. ಮುಳ್ಳಿದ್ದರೆ ಇಲ್ಲೇ ಎಲ್ಲೋ ಹೋಗಿದ್ದಾರೆ, ಬರುತ್ತಾರೆ ಎಂದು ಅರ್ಥ. ಬೀಗ ಬಿದ್ದರೆ ಸಂಸಾರ ಗುಳೆ ಹೋಯಿತು, ಮನೆ ಬಿಟ್ಟರು ಎಂದು ಅರ್ಥ. ಇದು ಕದಿರಯ್ಯನಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಧಣಿ ಕೊಟ್ಟ ಬೀಗ. ಹಾಕಿದ.

ಎರಡನೆಯ ದಿನ ಮಧ್ಯಾಹ್ನ, ಊಟದ ಹಾಲಿನಲ್ಲಿ ಗಂಗರತ್ನಮ್ಮನ ಫೋನು ಬಡಿದುಕೊಂಡಿತು. ಕರೆದದ್ದು ಪಕ್ಕದ ಮನೆಯ ರಾಜಲಕ್ಷ್ಮಮ್ಮ. ಮೂರು ಊರಿಗೆ ಕೇಳುವ ಗಂಟಲು ಅವಳದು, ಫೋನಿಲ್ಲದಿದ್ದರೂ ಕೇಳುತ್ತಿತ್ತೇನೋ.

“ಗಂಗಕ್ಕಾ! ವಿಲೇಜ್ ಅಕೌಂಟೆಂಟು ಬಂದಿದ್ದ ಕಣಕ್ಕಾ. ಪ್ರಭುದೇವಪ್ಪನ್ ಕಾರಲ್ಲೇ ಬಂದ. ಬೀಗದ್ ಫೋಟೋ ಹೊಡ್ಕಂಡ. ಇಲ್ಲಿ ಯಾರೂ ವಾಸ ಇಲ್ಲ, ಬುಟ್ಟೋಗವ್ರೆ ಅಂತ ಬರ್ಕಂಡ.”

“ನೀನ್ ಹೇಳ್ಬಾರ್ದಾಗಿತ್ತೇನೇ?”

“ಹೇಳ್ದೆ ಕಣಕ್ಕಾ! ಅವ್ರು ಸಮುದ್ರ ನೋಡಾಕ್ ಹೋಗವ್ರೆ, ನಾಳೀಕ್ ಬತ್ತಾರೆ ಅಂದೆ. ಎಲ್ಲಾ ಬಿದ್ ಬಿದ್ ನಕ್ಬುಟ್ರು. ‘ಕದಿರ ಸಮುದ್ರಕ್ಕೋದ್ನಾ? ಯಾವ ಹಡಗಲ್ಲಮ್ಮಾ?’ ಅಂದ ಆ ಸೂಳೆಮಗ ಅಕೌಂಟೆಂಟು. ಪ್ರಭುದೇವಪ್ಪಾನೂ ನಕ್ಕ.”

“ಆಮ್ಯಾಕೆ?”

ಆ ಕಡೆ ಮೂರು ಊರಿಗೆ ಕೇಳುವ ಗಂಟಲು ಇಳಿಯಿತು.

“ಜೇಸಿಬಿ ಬಂತಕ್ಕಾ. ಒಂದ್ ಬೀಡಿ ಸೇದೋ ಹೊತ್ತೂ ಹಿಡೀಲಿಲ್ಲ.”

ಗಂಗರತ್ನಮ್ಮ ಫೋನನ್ನು ಸೊಂಟಕ್ಕೆ ಸಿಕ್ಕಿಸಿದಳು. ಎದುರಿಗೆ ಮೇಜಿನ ಮೇಲೆ ಇಡೀ ಹೋಬಳಿಯ ಮದುವೆಗಳಿಗೆಲ್ಲ ಸಾಕಾಗುವಷ್ಟು ಅಡುಗೆ ಸಾಲಾಗಿತ್ತು. ಅವಳು ತಟ್ಟೆಗೆ ಹಾಕಿಕೊಂಡಿದ್ದ ಅನ್ನವನ್ನು ಕೊನೆಯ ಅಗುಳಿನವರೆಗೆ ಉಂಡಳು. ರುಚಿ ತಿಳಿಯಲಿಲ್ಲ. ಬಿಸಿಯೋ ತಣ್ಣಗಿದೆಯೋ ಅದೂ ತಿಳಿಯಲಿಲ್ಲ. ಪಕ್ಕದ ಮೇಜಿನ ಹೆಂಗಸು ಮೂಗಿಗೆ ಕರ್ಚೀಫು ಹಿಡಿದು, “ಇಂಥವರನ್ನೆಲ್ಲ ಇಲ್ಲಿ ಕೂರಿಸ್ತಾರಾ? ಡ್ರೈವರುಗಳಿಗೆ ಬೇರೆ ಜಾಗ ಇಲ್ವಾ?” ಎಂದು ಬಡಿಸುವವನನ್ನು ಕೇಳುತ್ತಿದ್ದಳು. ಅದೂ ಗಂಗರತ್ನಮ್ಮನಿಗೆ ಎಲ್ಲೋ ದೂರದಲ್ಲಿ ಯಾರದೋ ದನ ಕೂಗಿದಂತೆ ಕೇಳಿತು.

ಕದಿರಯ್ಯ ಹಿಂದುಗಡೆ ತಟ್ಟೆ ತೊಳೆಯುತ್ತಿದ್ದ. ಅಷ್ಟರಲ್ಲಾಗಲೇ ಅಡುಗೆಯವರು ಅವನ ಮುಂದೆ ಗುಡ್ಡದಷ್ಟು ಪಾತ್ರೆ ತಂದು ಸುರಿದಿದ್ದರು.

“ಮನೆ ಕೆಡವ್ಬುಟ್ರಂತೆ.”

ಅವನು ಕೈಯಲ್ಲಿದ್ದ ತಟ್ಟೆಯನ್ನು ತೊಳೆದು ಮುಗಿಸಿದ. ಬೋರಲು ಹಾಕಿದ. ಇನ್ನೊಂದು ತೆಗೆದುಕೊಂಡ.

“ಬೀಗ ಏನಾಯ್ತಂತೆ?”

“ಏನು?”

“ಬೀಗ ಕಣೇ. ಧಣೀದು. ಕೇಳ್ತಾರೆ.”

ಗಂಗರತ್ನಮ್ಮ ಅವನ ಕೈಯಿಂದ ತಟ್ಟೆ ಕಿತ್ತುಕೊಂಡಳು. ಧಣಿಯ ನಂಬರು ಒತ್ತಿ ಫೋನನ್ನು ಅವನ ಕಿವಿಗೆ ಒತ್ತಿದಳು. ಪ್ರಭುದೇವ್ ಅವರ ದನಿ ಹೊರಗೂ ಕೇಳುತ್ತಿತ್ತು.

“ಏನೋ ಕದಿರ, ಸಮುದ್ರ ಹೆಂಗೈತೋ? ಮೀನು ಗೀನು ತಿಂದ್ಯೇನೋ?”

“ಬುದ್ದಿ... ಮನೆ...”

“ಸರ್ಕಾರದ ಜಾಗ, ಸರ್ಕಾರದೋರು ನೋಡಿದ್ರು. ನೀನಿದ್ಯೇನೋ ಅಲ್ಲಿ?”

“ಇರ್ನಿಲ್ಲ ಬುದ್ದಿ.”

“ಬೀಗ ಹಾಕಿತ್ತೋ ಇಲ್ವೋ?”

“ಹಾಕಿತ್ತು ಬುದ್ದಿ.”

“ಯಾರು ಹಾಕಿದ್ದು?”

“ನಾನೇಯ ಬುದ್ದಿ.”

“ಮತ್ತೆ? ಅವ್ರು ಸುಳ್ಳು ಬರೆದ್ರಾ?”

“ಇಲ್ಲ ಬುದ್ದಿ.”

“ಹ್ಞಾ. ಬಾ, ಕ್ರಷರ್ ಶೆಡ್ ಪಕ್ಕ ತಗಡಿನ ಮೂಲೆ ಐತೆ, ಬಿದ್ಕೊಂಡಿರು. ನಿನ್ ಹೆಂಡ್ರ ಬಾಯಿ ಒಂದು ಭದ್ರ ಮಾಡ್ಕೊಂಡ್ ಬಾ.”

ಗಂಗರತ್ನಮ್ಮ ಫೋನು ಕಸಿದುಕೊಂಡಳು. “ಲೇ ಪ್ರಭುದೇವ! ನಿನ್ ವಂಶ ಎಕ್ಕುಟ್ಟೋಗ! ನಿನ್ ಬಾಯಿಗ್ ಮಣ್ಣಾಕ! ಸಮುದ್ರ ತೋರ್ಸಿ ಮನೆ ಕಿತ್ಕಂತೀಯೇನೋ ಬೋಳಿಮಗನೆ!”

ಅವಳ ಜನ್ಮದಲ್ಲಿ ಆ ಹೆಸರನ್ನು ಬಹುವಚನವಿಲ್ಲದೆ ಅಂದದ್ದು ಅದೇ ಮೊದಲು. ಗುಡ್ಡ ಸಿಡಿಸುವ ಮದ್ದಿಗೂ ಅಷ್ಟು ಸದ್ದಿರಲಿಲ್ಲ. ಆದರೆ ಆ ಕಡೆ ಫೋನು ಆಗಲೇ ಸತ್ತಿತ್ತು.

ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಮ್ಯಾನೇಜರ್ ಬಾಗಿಲಿಗೆ ಬಂದ. ಹಿಂದೆ ಇಬ್ಬರು ಕಾವಲಿನವರು.

“ರೂಮು ಖಾಲಿ ಮಾಡ್ಬೇಕಮ್ಮ. ಕಾರು ರೆಡಿ ಉಂಟು.”

“ಎಲ್ಲಿಗೆ?”

“ಎಲ್ಲಿಗೆ ಅಂದ್ರೆ? ನಿಮ್ಮ ಮನೆಗೆ.”

“ಮನೆ ಇಲ್ಲ. ನಿಮ್ ಧಣಿ ತಗಂಡವ್ನೆ. ಇದು ಅವನ್ದು. ನಾವಿಲ್ಲೇ ಇರ್ತೀವಿ.”

“ಅದು ಹಾಗೆಲ್ಲ ಆಗ್ಲಿಕ್ಕಿಲ್ಲ ಮಾರಾಯ್ರೆ. ತಮಾಷೆ ಮಾಡ್ಬೇಡಿ.”

ಕಾವಲಿನವನು ಇಬ್ಬರ ಕೈಪಟ್ಟಿಯನ್ನೂ ಕತ್ತರಿಯಿಂದ ಕಚಕ್ಕೆಂದು ಕತ್ತರಿಸಿದ. ಕದಿರಯ್ಯ ತೋಳು ಏರಿಸಿ ತಾನೇ ಕೈ ನೀಡಿದ್ದ. ಅವರ ಬಟ್ಟೆಯ ಗಂಟು ಹೊರಗೆ ಬಂತು. ಬಾಗಿಲು ಪೀಂ ಎಂದು ಮುಚ್ಚಿಕೊಂಡಿತು.

ಗಂಗರತ್ನಮ್ಮ ಕಾರಿನ ಕಡೆ ಹೋಗಲಿಲ್ಲ. ಈಜುಕೊಳದ ಪಕ್ಕದ ಹುಲ್ಲುಹಾಸಿಗೆ ಬಂದಳು. ಆ ಹುಲ್ಲು ಅದೆಷ್ಟು ಮೆತ್ತಗಿತ್ತೆಂದರೆ ದನಕ್ಕೆ ಹಾಕಿದರೆ ಅದು ಮೇಯದೆ ಮಲಗಿಬಿಡುತ್ತಿತ್ತು. ಅಂದಕ್ಕೆಂದು ತಾಳೆಮರದ ಸುತ್ತ ಜೋಡಿಸಿದ್ದ ಕಲ್ಲುಗಳಲ್ಲಿ ಒಂದನ್ನು ಕಿತ್ತು ತಂದಳು. ಇನ್ನೊಂದು ತಂದಳು. ಮತ್ತೊಂದು. ಮೂರನ್ನೂ ಮುಖಾಮುಖಿ ಹೂಡಿ, ಅಲುಗಾಡದಂತೆ ಹಿಮ್ಮಡಿಯಿಂದ ತುಳಿದಳು.

“ಗಂಗೀ, ಬೈತಾರೆ ಕಣೇ.”

“ಬೈಲಿ. ಸೌದೆ ತತ್ತಾ.”

ಅಪ್ಪಣೆಯಾದ ಮೇಲೆ ಕದಿರಯ್ಯನ ಕಾಲು ನಿಲ್ಲದು. ಒಣಗಿದ ತೆಂಗಿನ ಗರಿ, ಮಟ್ಟೆ ಎಳೆದು ತಂದ. ಮೇಜಿನ ಮೇಲೆ ಮಂಜುಗಡ್ಡೆ ತುಂಬಿಟ್ಟಿದ್ದ ಸ್ಟೀಲಿನ ಬಕೆಟ್ಟನ್ನು ಗಂಗರತ್ನಮ್ಮ ಹುಲ್ಲಿಗೆ ಬೋರಲು ಹಾಕಿ, ಕೊಳದಲ್ಲಿ ಅದ್ದಿ ನೀರು ಮೊಗೆದು, ಮೂರು ಕಲ್ಲಿನ ಮೇಲೆ ಇಟ್ಟಳು.

“ಏಯ್! ಏಯ್! ಅದು ಪೂಲು! ನಾವು ಈಜೋ ನೀರು!” ಎಂದು ಒಳಗಿದ್ದವರು ಬೆಂಕಿ ಬಿದ್ದವರ ಹಾಗೆ ಎದ್ದು ನಿಂತರು.

ಕಾಲುವೆಯ ನೀರಿಗೆ ಕೈಯಿಟ್ಟದ್ದಕ್ಕೆ ಅವಳ ಅವ್ವನಿಗೆ ಹೊಸಕೋಟೆಯಲ್ಲಿ ಕಲ್ಲು ಬಿದ್ದಿದ್ದವು. ಇಲ್ಲಿ ಬರೀ ಫೋನುಗಳು ಮೇಲೆದ್ದವು. ಸುತ್ತಲೂ ಫೋನು ಹಿಡಿದ ಕೈಗಳು.

ಗಂಡನ ಬೀಡಿಯ ಬೆಂಕಿಪೊಟ್ಟಣದಿಂದ ಕಡ್ಡಿ ಗೀರಿದಳು. ಗರಿ ಹೊಗೆಯಾಯಿತು, ಹತ್ತಲಿಲ್ಲ.

“ಊದು” ಎಂದಳು ಗಂಡನಿಗೆ.

“ಮುಟ್ಟಬೇಡ! ಆರಿಸು ಅದನ್ನ! ಪೊಲೀಸಿಗೆ ಫೋನ್ ಮಾಡಿದ್ದೇನೆ!” ಎಂದು ಓಡಿಬಂದ ಮ್ಯಾನೇಜರ್.

ಕದಿರಯ್ಯನ ಐವತ್ತು ವರ್ಷದ ಬದುಕಿನಲ್ಲಿ ಎರಡು ಅಪ್ಪಣೆಗಳು ಎದುರುಬದುರಾಗಿ ಬಂದು ನಿಂತದ್ದೇ ಇಲ್ಲ. ಅವನು ಮ್ಯಾನೇಜರನ ಮುಖ ನೋಡಿದ. ಹೆಂಡತಿಯ ಮುಖ ನೋಡಿದ. ಅಲ್ಲಿ ಸಿಟ್ಟೂ ಇರಲಿಲ್ಲ, ಅಳುವೂ ಇರಲಿಲ್ಲ. ಗುಡ್ಡ ಒಡೆದ ಮೇಲೆ ಉಳಿಯುವ ಬೋಳು ಕಲ್ಲಿನ ಹಾಗಿತ್ತು. ಅವನ ಬಾಯಿ ‘ಆಯ್ತು ಬುದ್ದಿ’ ಎನ್ನಲು ತೆರೆಯಿತು. ತೆರೆದ ಬಾಯಿ ಹಾಗೆಯೇ ಇತ್ತು. ಆಮೇಲೆ ಕುಕ್ಕುರುಗಾಲಲ್ಲಿ ಕೂತು, ನೆಲಕ್ಕೆ ಕೆನ್ನೆ ತಾಗುವಷ್ಟು ಬಗ್ಗಿ, ಊದಿದ.

ಭಗ್ಗೆಂದು ಹತ್ತಿತು.

ಕಾವಲಿನವರು ಅವನ ಹೆಗಲು ಹಿಡಿದು ಎಳೆದರು. ಅವನು ಒಲೆಯ ಒಂದು ಕಲ್ಲನ್ನು ತಬ್ಬಿಕೊಂಡ. ಅಂಗಿಯ ತೋಳು ಕಮರುವ ವಾಸನೆ ಬಂದು, ಎಳೆಯುವವರೇ ಕೈಬಿಟ್ಟರು. ಕಪ್ಪು ಹೊಗೆ ತೆಂಗಿನ ತಲೆ ದಾಟಿ, ಬಿಳಿ ಛತ್ರಿಗಳ ಮೇಲೆ ಹರಡಿ, ಸಮುದ್ರದ ಕಡೆ ಹೋಯಿತು. ದೂರದಲ್ಲಿ ಜೀಪಿನ ಸದ್ದು ಕೇಳಿಸಿತು.

“ಏನಮ್ಮ ನಿನಗೆ ಬೇಕಾದದ್ದು? ಹೇಳು, ಏನು ಬೇಕು?” ಎಂದು ಮ್ಯಾನೇಜರ್ ಈಗ ಬೇಡುವ ದನಿಯಲ್ಲಿ ಕೇಳುತ್ತಿದ್ದ.

ಗಂಗರತ್ನಮ್ಮ ಬಕೆಟ್ಟಿನ ಕಡೆ ನೋಡುತ್ತಿದ್ದಳು. ಎಸರು ಮರಳತೊಡಗಿತ್ತು. ಹಾಕುವುದಕ್ಕೆ ಹಿಟ್ಟಿರಲಿಲ್ಲ.